ಬಣ್ಣದಕ್ಕನ ಮೂರು ಮುಳುಗು

ಬಣ್ಣದಕ್ಕನ ಕೈಗಳು ಬೆರಳ ತುದಿಯಿಂದ ಮೊಣಕೈಯವರೆಗೆ ಕಪ್ಪಗಿದ್ದವು. ಅಲ್ಲಿಂದ ಮೇಲೆ ಗೋಧಿ ಬಣ್ಣ. ಎರಡೂ ಕೂಡುವಲ್ಲಿ ಬಳೆ ತೊಟ್ಟ ಹಾಗೆ ಒಂದು ನೀಲಿ ಗೆರೆ. ಉಗುರಿನ ಸಂದಿಯಲ್ಲಿ ಮಾತ್ರ ವಾರದ ಉಳಿದ ಬಣ್ಣಗಳು ಸಿಕ್ಕಿಕೊಂಡಿರುತ್ತಿದ್ದವು. ಯಾರದೋ ದುಪಟ್ಟಾದ ಕೆಂಪು, ಯಾರದೋ ಸೀರೆ ಫಾಲಿನ ಹಸಿರು. ಚಹಾ ಕುಡಿಯುವಾಗ ಸ್ಟೀಲ್ ಲೋಟವನ್ನು ಸೆರಗಿನಲ್ಲಿ ಹಿಡಿಯುತ್ತಿದ್ದರು. ಬಿಸಿ ಎಂದು ನಾನು ಬಹಳ ದಿನ ತಿಳಿದಿದ್ದೆ. ಆ ಕೈಗೆ ಬಿಸಿಯ ಅರಿವು ಎಂದೋ ಹೋಗಿತ್ತು. ಲೋಟಕ್ಕೆ ಬಣ್ಣ ಹತ್ತಬಾರದೆಂದು ಹಾಗೆ ಹಿಡಿಯುತ್ತಿದ್ದರು.

ಕಲಬುರಗಿಯ ಅಂಚಿನ ಕಪನೂರಿನ ಸಣ್ಣ ಕಾರ್ಖಾನೆಗಳ ಸಾಲಿನ ಕೊನೆಗೆ ಅವರದೊಂದು ತಗಡಿನ ಶೆಡ್ಡು. ವಾರದ ಆರು ದಿನ ಅಲ್ಲಿ ಊರಿನ ಬಟ್ಟೆ ಅಂಗಡಿಗಳಿಂದ ಬಂದ ಸೀರೆ, ದುಪಟ್ಟಾಗಳಿಗೆ ಬಣ್ಣ ಹಾಕುವ ಕೆಲಸ. ಭಾನುವಾರ ಸುತ್ತಲಿನ ಯಂತ್ರಗಳೆಲ್ಲ ಬಂದ್ ಆದಾಗ ಅಲ್ಲಿ ನಾವು ಸೇರುತ್ತಿದ್ದೆವು. ನಾವೆಂದರೆ ಹತ್ತು ಹನ್ನೆರಡು ಮಂದಿ, ಮೆಟಲ್ ಸಂಗೀತದ ಹುಚ್ಚು ಹತ್ತಿದವರು. ಗಿಟಾರು ಗರಗಸದ ಹಾಗೆ ಕೊಯ್ಯುವ, ಡ್ರಮ್ಮು ಒಡೆದೇ ಹೋಗಲಿ ಎಂಬಂತೆ ಬಾರಿಸುವ, ಹಾಡುವವನು ಗಂಟಲು ಹರಿದುಕೊಂಡು ಗರ್ಜಿಸುವ ಸಂಗೀತ ಅದು. ಅದಕ್ಕೊಂದು ವೇಷವೂ ಇದೆ. ಕಪ್ಪು ಅಂಗಿ, ಕಪ್ಪು ಪ್ಯಾಂಟು, ಕಣಕಾಲು ಮುಚ್ಚುವ ಬೂಟು, ಬೆರಳಿಗೆ ತಲೆಬುರುಡೆಯ ಉಂಗುರ. ಕಲಬುರಗಿಯ ಮೇ ತಿಂಗಳಲ್ಲಿ, ನಾಯಿಗಳೂ ನೆರಳು ಬಿಟ್ಟು ಏಳದ ಹೊತ್ತಿನಲ್ಲಿ, ಈ ವೇಷದಲ್ಲಿ ಹೊರಗೆ ಬೀಳುವವರಿಗೆ ತಲೆ ನೆಟ್ಟಗಿಲ್ಲ ಎಂದು ನಮ್ಮವ್ವ ಹೇಳುತ್ತಿದ್ದಳು. ಅದಕ್ಕೆ ಎದುರು ಹೇಳಲು ನನ್ನ ಹತ್ತಿರ ಆಗಲೂ ಏನೂ ಇರಲಿಲ್ಲ, ಈಗಲೂ ಇಲ್ಲ.

ನಮ್ಮೆಲ್ಲರನ್ನೂ ಕಪ್ಪು ಮಾಡಿದ ಬಣ್ಣದಕ್ಕ ತಾವು ಮಾತ್ರ ಒಂದು ದಿನವೂ ಕಪ್ಪು ಉಡಲಿಲ್ಲ. ದೊಡ್ಡ ದೊಡ್ಡ ಹೂವಿನ ನೈಲಾನ್ ಸೀರೆ, ಅದೂ ಹಳದಿ, ಕಿತ್ತಳೆ. ಕೇಳಿದರೆ, ದಿನಾ ಕರೀ ನೀರು ನೋಡಿ ನೋಡಿ ಕಣ್ಣು ದಣಿದಿರುತ್ತವೆ, ಮೈಮೇಲಾದರೂ ಸ್ವಲ್ಪ ಬೆಳಕು ಬೇಡವೇ ಎನ್ನುತ್ತಿದ್ದರು. ಆಗ ಅವರಿಗೆ ನಲವತ್ತೈದರ ಸುಮಾರು. ಸ್ಪೀಕರಿನ ಎದುರಿಗೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಬಣ್ಣ ತಿರುವುವ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಮುಖದಲ್ಲಿ ಪುರಾಣ ಕೇಳುವವರ ಶಾಂತಿ.

ನಾನು ಅಲ್ಲಿಗೆ ಹೋದದ್ದು ಬರೀ ಕುತೂಹಲಕ್ಕೆ. ಇಪ್ಪತ್ತಮೂರು ವರ್ಷದ ಹುಡುಗಿ, ಎರಡು ಕೆಲಸ ಬಿಟ್ಟಾಗಿತ್ತು. ಒಂದು ಕೋಚಿಂಗ್ ಕ್ಲಾಸಿನಲ್ಲಿ, ಇನ್ನೊಂದು ಸೋದರಮಾವನ ಬೇಳೆ ಮಿಲ್ಲಿನ ಆಫೀಸಿನಲ್ಲಿ. ಎಲ್ಲಿ ಕೂತರೂ ಕಾಲು ಅಲ್ಲಾಡುತ್ತಿತ್ತು. ಹತ್ತು ನಿಮಿಷಕ್ಕೊಮ್ಮೆ ಎದ್ದು ಬಾಗಿಲಿಗೆ ಹೋಗಿ ಬರಬೇಕು, ಬಂದ ಮೇಲೆ ಯಾಕೆ ಹೋಗಿದ್ದೆನೋ ಮರೆತಿರಬೇಕು. ಅಂಥ ಒಂದು ಮಧ್ಯಾಹ್ನ ಕೋಟೆಯ ಎದುರು ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಾಲ್ಕು ಜನ ಬೂಟು ಹಾಕಿಕೊಂಡು, ಬೆವರು ಸುರಿಸುತ್ತ, ಅತ್ಯಂತ ಗಂಭೀರವಾಗಿ ಕಬ್ಬಿನ ಹಾಲು ಕುಡಿಯುತ್ತಿದ್ದರು. ಇದೇನು ವೇಷ ಎಂದು ನಿಂತು ಕೇಳಿದೆ. ಅವರಲ್ಲೊಬ್ಬ, ಕಪನೂರಿನಲ್ಲಿ ವೆಲ್ಡಿಂಗ್ ಮಾಡುವವನು, ನಮ್ಮ ಡ್ರಮ್ ಬಾರಿಸುವವನು ಎಂದು ಆಮೇಲೆ ಗೊತ್ತಾಯಿತು. ಅವನು ವಿವರಿಸುವ ಗೋಜಿಗೆ ಹೋಗದೆ, ಭಾನುವಾರ ಬಂದು ನೋಡಿ ಎಂದು ವಿಳಾಸ ಹೇಳಿದ.

ಭಾನುವಾರಕ್ಕೆ ಉಳಿದಿದ್ದ ನಾಲ್ಕು ದಿನ ಪರೀಕ್ಷೆಗೆ ಓದಿದ ಹಾಗೆ ಓದಿದೆ. ಬ್ಯಾಂಡುಗಳ ಹೆಸರು, ಯಾರು ಯಾವ ವಾದ್ಯ, ಯಾವುದು ಯಾವ ದೇಶದ್ದು, ಎಲ್ಲ ಬಾಯಿಪಾಠ. ಸೂಪರ್ ಮಾರ್ಕೆಟ್ಟಿನಲ್ಲಿ ಹುಡುಕಿ ಒಂದು ಕಪ್ಪು ಟೀ ಶರ್ಟ್ ತಂದೆ. ಅದರ ಮೇಲಿನ ಅಕ್ಷರ ಜಾಲಿಕಂಟಿಯ ಮುಳ್ಳಿನ ಹಾಗಿತ್ತು, ಏನು ಬರೆದಿದೆಯೆಂದು ನನಗೂ ತಿಳಿಯಲಿಲ್ಲ, ಅಂಗಡಿಯವನಿಗೂ ತಿಳಿಯಲಿಲ್ಲ. ಯಾರಾದರೂ ಓದಿ ಹೇಳು ಎಂದುಬಿಟ್ಟರೆ ಏನು ಗತಿ ಎಂಬ ಪುಕಪುಕಿಯಲ್ಲೇ ಶೆಡ್ಡಿನ ಬಾಗಿಲಿಗೆ ಹೋದೆ.

ಯಾರೂ ಏನೂ ಕೇಳಲಿಲ್ಲ. ಹೆಸರು ಕೂಡ ಕೇಳಲಿಲ್ಲ. ಬಣ್ಣದಕ್ಕ ಎದ್ದು ಬಂದು ನನ್ನ ಟೀ ಶರ್ಟನ್ನು ಒಂದು ಸಲ ನೋಡಿದರು, ಎರಡು ಉಂಡೆ ಹತ್ತಿ ಕೈಗಿಟ್ಟರು.

“ಕಿವ್ಯಾಗ ಇಟ್ಕೋ. ಮುಂದಿನ ಐತಾರ ಮನ್ಯಾಗಿನ ಹಳೀ ಬಿಳಿ ಅರಬಿ ಒಂದು ತಗೊಂಡ್ ಬಾ. ಕೊಂಡಿದ್ದು ಬ್ಯಾಡ.”

ಅಷ್ಟು ಓದಿಕೊಂಡು ಹೋಗಿದ್ದೆಲ್ಲ ದಂಡವಾಯಿತಲ್ಲ ಎಂದು ನನಗೆ ಸಿಟ್ಟೇ ಬಂತು. ಒಂದು ಹೆಸರನ್ನಾದರೂ ಹೇಳಲು ಬಿಡಬಾರದೇ?

ಆಮೇಲೆ ತಿಳಿಯಿತು, ಅದು ಆ ಶೆಡ್ಡಿನ ಪದ್ಧತಿ. ಹೊಸಬರು ಮನೆಯ ಹಳೆಯ ಬಿಳಿ ಬಟ್ಟೆಯೊಂದನ್ನು ತರಬೇಕು. ಅದನ್ನು ಬಣ್ಣದಕ್ಕ ಹಂಡೆಯ ಕರೀ ನೀರಿನಲ್ಲಿ ಒಂದು ಭಾನುವಾರಕ್ಕೆ ಒಂದೇ ಸಲ ಮುಳುಗಿಸಿ, ಹಿಂಡಿ, ಹಗ್ಗಕ್ಕೆ ಹಾಕುತ್ತಾರೆ. ಮೊದಲ ಮುಳುಗಿಗೆ ಅದು ಬೂದಿ ಮಿಶ್ರಿತ ನೇರಳೆ ಬಣ್ಣಕ್ಕೆ ಬರುತ್ತದೆ, ಎರಡನೆಯದಕ್ಕೆ ಮಸಿ ಒರೆಸಿದ ಬಟ್ಟೆಯ ಬಣ್ಣ, ಮೂರನೆಯದಕ್ಕೆ ಕಪ್ಪು. ಈ ಮೂರು ಮುಳುಗು ಮುಗಿಯುವವರೆಗೆ ಹೊಸಬರು ಏನನ್ನು ಬೇಕಾದರೂ, ಎಷ್ಟು ಪೆದ್ದುತನದ ಪ್ರಶ್ನೆಯನ್ನು ಬೇಕಾದರೂ ಕೇಳಬಹುದು. ಹಳಬರು ಅವರನ್ನು ಒಂದೇ ಒಂದು ಪ್ರಶ್ನೆಯನ್ನೂ ಕೇಳುವ ಹಾಗಿಲ್ಲ. ಯಾವ ಹಾಡು ಗೊತ್ತು, ಯಾವಾಗಿನಿಂದ ಕೇಳುತ್ತೀ, ಯಾಕೆ ಬಂದೆ, ಏನೂ ಇಲ್ಲ.

ನಾನು ತಂದದ್ದು ಅಪ್ಪನ ಹಳೆಯ ಬಿಳಿ ಅಂಗಿ. ಆ ಮೂರು ವಾರ ನಾನು ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಹಾಡುವವನು ಹಾಗೆ ಬೊಬ್ಬೆ ಹಾಕಿದರೆ ರಕ್ತ ಬರುವುದಿಲ್ಲವೇ ಎಂದು ಕೂಡ ಕೇಳಿದೆ. ಯಾರೂ ನಗಲಿಲ್ಲ. ಗಿಟಾರಿನವನು ಗಂಟಲ ಚಿತ್ರ ಬರೆದು ತೋರಿಸಿದ. ನನ್ನ ಕಾಲು ಅಲ್ಲಾಡುವುದನ್ನು ನೋಡಿದ ಬಣ್ಣದಕ್ಕ, ಆ ಕಾಲಿಗೊಂದು ಡ್ರಮ್ ಕೊಡಿ ಎಂದರು. ಮನೆಯಲ್ಲಿ ದರಿದ್ರ ಎಂದು ಬೈಸಿಕೊಂಡ ಕಾಲು ಅಂದು ಮೊದಲ ಬಾರಿ ಡ್ರಮ್ಮಿನ ಪೆಡಲಿನ ಮೇಲೆ ಕೂತಿತು.

ಈ ಪದ್ಧತಿ ಎಲ್ಲಿಂದ ಬಂತು ಎಂದೂ ಕೇಳಿದ್ದೆ. ಬಣ್ಣದಕ್ಕ ಹಂಡೆ ತಿರುವುತ್ತಲೇ ಹೇಳಿದ್ದರು. ಅವರು ಕಮಲಾಪುರದವರು. ಚಿಕ್ಕವರಿದ್ದಾಗ ಜೋಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು ದಿನವಿಡೀ ಕೂಗಿ ಹಕ್ಕಿ ಓಡಿಸಿದವರು. ಮದುವೆಯಾದ ಮೇಲೆ ಯಾರೂ ಅವರನ್ನು ಕೂಗಲು ಬಿಡಲಿಲ್ಲ. ಆ ಮದುವೆ ಬಿಟ್ಟು ತವರಿಗೆ ಬಂದಾಗ ಊರೆಲ್ಲ ಕೇಳಿತು. ಯಾಕ ಬಂದಿ, ಯಾವಾಗ ಹೋಗ್ತಿ, ಅವರೇನಂದರು, ನೀನೇನಂದಿ. ಕೇಳಿಸಿಕೊಂಡು ಕೇಳಿಸಿಕೊಂಡು ಸಾಕಾಗಿ, ಅಣ್ಣನೊಂದಿಗೂ ಮಾತು ಬಿಟ್ಟು, ಕಪನೂರಿಗೆ ಬಂದು ಬಣ್ಣದ ಕೆಲಸ ಹಿಡಿದರು. ಪಕ್ಕದ ಶೆಡ್ಡಿನಲ್ಲಿ ನಮ್ಮ ವೆಲ್ಡರ್ ಹಚ್ಚುತ್ತಿದ್ದ ಹಾಡಿನಲ್ಲಿ ಯಾರೋ ಹೊಲ ಕಾಯುವವರ ಹಾಗೆ ಕೂಗುವುದು ಕೇಳಿ, ಇದು ಏನು ಎಂದು ಒಳಗೆ ಹೋದರಂತೆ. ಮುಂದೆ ಹೈದರಾಬಾದಿನಲ್ಲಿ ದೊಡ್ಡ ಕಾರ್ಯಕ್ರಮ ಎಂದು ಒಬ್ಬರೇ ಟಿಕೆಟ್ ಮಾಡಿಸಿ ಹೋದರೆ, ಬಾಗಿಲಲ್ಲಿದ್ದ ಕಪ್ಪು ಅಂಗಿಯ ಹುಡುಗ, ಆಂಟಿ, ಯಾರನ್ನು ಕರೆದುಕೊಂಡು ಹೋಗಲು ಬಂದಿರಿ ಎಂದು ಕೇಳಿದನಂತೆ.

“ಅವ ಕೆಟ್ಟಾವ ಅಲ್ಲ,” ಎಂದಿದ್ದರು ಅಕ್ಕ. “ಆದ್ರ ಅವ ಕೇಳಿದ ಕೂಡ್ಲೇ ನಾ ಅಲ್ಲಿಂದ ಹೊರಗಿನಾಕಿ ಆಗಿಬಿಟ್ಟೆ ನೋಡು. ಒಳಗ ಹೋದೆ, ನಿಂತೆ, ಕೇಳ್ದೆ. ಮನಸು ಬಾಗಲದಾಗ ಉಳೀತು.”

ಒಂದು ಭಾನುವಾರ ನಮ್ಮ ಹಾಡುವವನಿಗೆ ಜ್ವರ ಬಂದಾಗ, ಹಳದಿ ಹೂವಿನ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಣ್ಣದಕ್ಕ ಮೈಕಿನ ಮುಂದೆ ನಿಂತರು. ಹಕ್ಕಿ ಓಡಿಸುವ ಆ ಕೂಗು ತಗಡಿಗೆ ಬಡಿದು ಬಂದಾಗ ಡ್ರಮ್ಮಿನವನು ಬಾರಿಸುವುದನ್ನೇ ಮರೆತ.

ಇನ್ನು ನನ್ನ ಹೇಸಿಗೆಯ ಮಾತು. ಅದನ್ನು ಬಿಟ್ಟು ಅಕ್ಕನ ಬಗ್ಗೆ ಬರೆದರೆ ಸುಳ್ಳಾಗುತ್ತದೆ.

ನಾನು ಅಲ್ಲಿ ಸೇರಿ ಎರಡು ವರ್ಷವಾಗಿತ್ತು. ಜಾಕೆಟ್ಟಿನ ಮೇಲೆ ಬ್ಯಾಂಡುಗಳ ಹೆಸರಿನ ಬಟ್ಟೆ ಪಟ್ಟಿಗಳನ್ನು ಹೊಲಿದುಕೊಂಡಿದ್ದೆ, ಆ ಜಾಲಿಕಂಟಿ ಅಕ್ಷರ ಸಲೀಸಾಗಿ ಓದುತ್ತಿದ್ದೆ. ಅಷ್ಟು ದಿನ ಎಲ್ಲರಿಗಿಂತ ಕೊನೆಗೆ ಬಂದವಳು ನಾನೇ. ಆಗ ಕಮಲಾಪುರದಿಂದ ಒಬ್ಬ ಹುಡುಗಿ ಬಂದಳು. ಎಣ್ಣೆ ಹಚ್ಚಿ ಬಿಗಿದ ಜಡೆ, ಗಿಳಿಹಸಿರು ಚೂಡಿದಾರ, ಕೈಯಲ್ಲಿ ಮಡಚಿದ ಬಿಳಿ ಕುರ್ತಾ. ನಮ್ಮ ಪದ್ಧತಿಯನ್ನೆಲ್ಲ ಮೊದಲೇ ಕೇಳಿ ತಿಳಿದು ಬಂದಿದ್ದಳು. ಅದೇ ಊರಿನ ಬಸ್ ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆಂದು ಅವಳೇ ಹೇಳಿದಳು. ಮೊದಲ ಭಾನುವಾರ ಕುರ್ತಾಕ್ಕೆ ಒಂದು ಮುಳುಗು ಬಿತ್ತು. ಅವಳು ಕಿವಿಗೆ ಹತ್ತಿ ಇಟ್ಟುಕೊಂಡು, ಕಣ್ಣು ಮುಚ್ಚಿ, ಎರಡು ತಾಸು ಅಲುಗಾಡದೆ ಕೂತಳು. ಅಷ್ಟು ಅಲುಗಾಡದೆ ಕೂರುವುದು ನನ್ನಿಂದ ಎಂದೂ ಆಗಿರಲಿಲ್ಲ. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ, ಬೇರೆ ಹೆಸರು ಯಾಕೆ.

ಎರಡನೆಯ ಭಾನುವಾರ ಹೈದರಾಬಾದಿನಿಂದ ಇಬ್ಬರು ಗಿಟಾರಿನವರು ನಮ್ಮ ಶೆಡ್ಡು ನೋಡಲು ಬಂದಿದ್ದರು. ಅವರ ಮುಂದೆ ನಾನು ಹಳಬಳು ಎಂದು ತೋರಿಸಿಕೊಳ್ಳಬೇಕಿತ್ತು. ಬಣ್ಣದಕ್ಕ ಹಿಂದುಗಡೆ ಬಟ್ಟೆ ಜಾಲಿಸುತ್ತಿದ್ದರು. ನಾನು ಆ ಹುಡುಗಿಯ ಕಡೆ ತಿರುಗಿ, ನಿನಗೆ ಇಷ್ಟವಾದ ಮೂರು ಬ್ಯಾಂಡುಗಳ ಹೆಸರು ಹೇಳು ಎಂದೆ.

ಅವಳ ಮುಖ ಕಿವಿಯವರೆಗೆ ಕೆಂಪಾಯಿತು. ತನಗೆ ಒಂದೇ ಹಾಡು ಗೊತ್ತು, ಪ್ರಿಂಟ್ ತೆಗೆಸಲು ಬಂದ ಗಿರಾಕಿಯೊಬ್ಬರ ಫೋನಿನಲ್ಲಿ ಕೇಳಿದ್ದು, ಯಾರದು ಎಂದು ಗೊತ್ತಿಲ್ಲ ಎಂದಳು. ಹಾಗಾದರೆ ಹಾಡಿ ತೋರಿಸು ಎಂದೆ. ಹೈದರಾಬಾದಿನವರು ನಕ್ಕರು. ನಾನೂ ನಕ್ಕೆ. ನಮ್ಮವರು ಯಾರೂ ನಗಲಿಲ್ಲ. ಹುಡುಗಿ ಚಹಾ ಪೂರ್ತಿ ಕುಡಿದು, ಲೋಟ ತೊಳೆದಿಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಹೋದಳು. ಕುರ್ತಾಕ್ಕೆ ಎರಡನೆಯ ಮುಳುಗು ಬೀಳಲಿಲ್ಲ.

ಮುಂದಿನ ಭಾನುವಾರ ಅವಳು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಹಗ್ಗದ ಮೇಲೆ ನೇರಳೆ ಕುರ್ತಾ ಒಂದೇ ಒಣಗಿ ಗರಿಗರಿಯಾಗಿ ತೂಗುತ್ತಿತ್ತು. ಡ್ರಮ್ಮಿನವನು ನಡೆದದ್ದನ್ನು ಅಕ್ಕನಿಗೆ ಹೇಳಿಬಿಟ್ಟಿದ್ದ. ಅವರು ನನ್ನನ್ನು ಬೈಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ನನಗೆ ಕೂತಲ್ಲಿ ಕೂರಲಾಗಲಿಲ್ಲ, ಬಾಗಿಲಿಗೆ ಹೋಗಿ ಬಂದೆ, ನೀರು ಕುಡಿದೆ, ಮತ್ತೆ ಬಾಗಿಲಿಗೆ ಹೋದೆ. ಕೊನೆಗೆ, ಬೇಕಾದರೆ ಉಳಿದ ಎರಡು ಮುಳುಗು ಇವತ್ತೇ ಹಾಕಿ ಕೊಡಿ, ನಾನೇ ಕುರ್ತಾ ಒಯ್ದು ಅವಳಿಗೆ ಮುಟ್ಟಿಸುತ್ತೇನೆ ಎಂದೆ.

“ಎರಡ್ಯಾಕ,” ಎಂದರು ಅಕ್ಕ. “ಒಂದ ಮುಳುಗಿನ್ಯಾಗ ಕರೀ ಆಗ್ತದ. ಗಿರಾಕಿಗೋಳಿಗಿ ಅರ್ಧ ತಾಸಿನ್ಯಾಗ ಮಾಡಿ ಕೊಡ್ತೀನಿ. ನೀವು ಮೂರ ಐತಾರ ಬರ್ಬೇಕು ಅಂತ ನೀರು ತಿಳಿ ಇಡ್ತೀನಿ. ಮೂರ ಸಲ ಬಂದವ್ರು ನಾಕನೇದಕ್ಕ ತಾವಾ ಬರ್ತಾರ.”

ನಾನು ಎರಡು ವರ್ಷದಿಂದ ಮೂರು ಮುಳುಗನ್ನು ಬಣ್ಣದ ಶಾಸ್ತ್ರ ಎಂದೇ ನಂಬಿದ್ದೆ. ಅವರು ಕುರ್ತಾ ತೆಗೆದು ನನ್ನ ಎದೆಗೆ ಹಿಡಿದು ಅಳತೆ ನೋಡಿದರು.

“ಇದನ್ನ ಹಾಕ್ಕೊಂಡು ಕಮಲಾಪುರಕ್ಕ ಹೋಗು. ಆಕಿನ್ನ ಕಂಡು ಬಾ. ನಾ ಆ ಊರಿಗಿ ಹೋಗಂಗಿಲ್ಲ, ನಿನಗ ಗೊತ್ತದ.”

ಸಂತೆಯ ದಿನವೇ ಹೋದೆ. ಹೆಗಲ ಮೇಲೆ ಒಂದು ಬಣ್ಣ, ಬೆನ್ನಿಗೆ ಒಂದು ಬಣ್ಣ, ಅರ್ಧ ತೊಳೆದ ಗೋಡೆಯಂಥ ಕುರ್ತಾ. ಬಸ್ಸಿನಲ್ಲೇ ಶುರುವಾಯಿತು. ಪಕ್ಕದಲ್ಲಿ ಕೂತ ಮುದುಕಿ, ಅಂಗಿಗೆ ಏನಾಗಿದೆ ಎಂದಳು. ಕಮಲಾಪುರದಲ್ಲಿ ಇಳಿದು ಸಂತೆಯಲ್ಲಿ ಹೊಕ್ಕರೆ ಕೆಂಪು ಬಾಳೆಹಣ್ಣು ಮಾರುವವಳು, ಯಾರ ಮನೆಯವಳು ಎಂದಳು. ಮೆಣಸಿನಕಾಯಿಯವನು, ಯಾರನ್ನು ಹುಡುಕಾಡುತ್ತೀ ಎಂದ. ಲಗ್ನ ಆಗಿದೆಯೇ, ಅಪ್ಪ ಏನು ಮಾಡುತ್ತಾರೆ, ಒಬ್ಬಳೇ ಯಾಕೆ ಬಂದೆ, ಬಣ್ಣ ಹಾಕಿದವರ್ಯಾರು, ಬಣ್ಣ ಬರದವರ ಕೈಗೆ ಯಾಕೆ ಕೊಟ್ಟೆ. ಯಾರಲ್ಲೂ ಕೆಟ್ಟ ಮನಸ್ಸಿರಲಿಲ್ಲ. ಹಣ್ಣಿನವಳು ಬಿಸಿಲಿಗೆ ನಿಲ್ಲಬೇಡವೆಂದು ತನ್ನ ಕೊಡೆಯ ನೆರಳಿಗೂ ಕರೆದಳು. ಆದರೂ ಅರ್ಧ ತಾಸಿನಲ್ಲಿ ನನಗೆ ಅಲ್ಲಿಂದ ಓಡಿಹೋಗಬೇಕೆನ್ನಿಸಿತು.

ಝೆರಾಕ್ಸ್ ಅಂಗಡಿಯಲ್ಲಿ ಹುಡುಗಿ ಒಬ್ಬಳೇ ಇದ್ದಳು. ನನ್ನನ್ನು ನೋಡಿ ಗಾಬರಿಯಾದಳು, ಕುರ್ತಾ ನೋಡಿ ನಕ್ಕಳು. ತಪ್ಪಾಯಿತು ಎಂದೆ. ಮತ್ತೆ ಬಾ ಎಂದೆ. ಅವಳು ಯಾರದೋ ಆಧಾರ್ ಕಾರ್ಡಿನ ಪ್ರತಿಗಳನ್ನು ನೀಟಾಗಿ ಜೋಡಿಸುತ್ತ ಹೇಳಿದಳು:

“ನೀವು ಕೇಳಿದ್ದು ಖರೆ ಇತ್ತರಿ. ನನಗ ಮೂರು ಹೆಸರು ಗೊತ್ತಿರ್ಲಿಲ್ಲ. ಮನಿಗಿ ಬಂದು ಹುಡುಕಿ ಹುಡುಕಿ ಕೇಳ್ದೆ. ಈಗ ಮೂವತ್ತು ಗೊತ್ತದಾವ. ಆದ್ರ ಈಗ ಹಾಡು ಹಚ್ಚಿದ್ರ, ನೀವು ಎದರ್ಗಿ ನಿಂತು ಕೇಳ್ದಂಗ ಆಗ್ತದರಿ. ಮೊದಲಿನಂಗ ಕಣ್ಣು ಮುಚ್ಚಾಕ ಬರವಲ್ದು.”

ಕುರ್ತಾ ಬಿಚ್ಚಿ ಕೊಡೋಣವೆಂದರೆ ಅದು ನನ್ನ ಮೈಮೇಲಿತ್ತು. ಅವಳು ಒಂದು ಲೋಟ ನೀರು ಕೊಟ್ಟಳು. ನಾನು ಕುಡಿದು ಬಂದೆ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ, ಯಾವ ಮುದುಕಿಯೂ ಯಾಕೆ ಎಂದು ಕೇಳದಿರಲಿ ಎಂದು ಬೇಡಿಕೊಂಡು.

ನಡೆದದ್ದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವರು ಕುರ್ತಾವನ್ನು ತೊಳೆದು ಮತ್ತೆ ಅದೇ ಹಗ್ಗಕ್ಕೆ, ಅದೇ ಜಾಗದಲ್ಲಿ ಹಾಕಿದರು. ನನ್ನನ್ನು ಇನ್ನು ಹೊರಗೆ ಹಾಕುತ್ತಾರೆ ಎಂದು ಕಾದೆ. ಅವರು ಹತ್ತಿಯ ಡಬ್ಬಿ ತಂದು ನನ್ನ ಕೈಗೆ ಕೊಟ್ಟರು.

“ಇವತ್ತಿನಿಂದ ಬಾಗಲದಾಗ ನೀ ನಿಲ್ಲು. ಹೊಸಬರು ಬಂದ್ರ ಹತ್ತಿ ಕೊಡು. ಏನೂ ಕೇಳಬ್ಯಾಡ.”

ತಪ್ಪು ಮಾಡಿದವಳನ್ನು ಬಾಗಿಲಿಗೇ ನಿಲ್ಲಿಸಿದರು. ಅವರಿಗಿದ್ದ ಧೈರ್ಯ ಅದು. ನಾಲ್ಕು ವರ್ಷ ನಿಂತೆ. ನನಗೆ ಪ್ರಶ್ನೆಗಳು ನಾಲಿಗೆಯ ತುದಿಗೆ ಬರುತ್ತಿದ್ದವು, ಒಮ್ಮೆ ಒಬ್ಬ ಎಲ್‌ಐಸಿ ಏಜೆಂಟರು ಟೈ ಕಟ್ಟಿಕೊಂಡು ಬಂದಾಗಲಂತೂ ತುಟಿ ಕಚ್ಚಿ ಹಿಡಿಯಬೇಕಾಯಿತು. ಹತ್ತಿ ಕೊಟ್ಟೆ. ಈಗ ಅವರೇ ನಮ್ಮ ಬೇಸ್ ಗಿಟಾರ್ ನುಡಿಸುವವರು. ವಾರದ ದಿನಗಳಲ್ಲೂ ನಾನು ಶೆಡ್ಡಿಗೆ ಹೋಗತೊಡಗಿದೆ. ಯಾವ ಬಣ್ಣಕ್ಕೆ ಎಷ್ಟು ಉಪ್ಪು, ನೀರು ಯಾವಾಗ ಕುದಿಯಬೇಕು, ಎಲ್ಲ ಅಕ್ಕ ಕಲಿಸಿದರು. ನಾನು ಬಿಡದೆ ಹಿಡಿದ ಮೊದಲ ಕೆಲಸ ಅದು. ಹೊಸಬರು ಬಂದಾಗಲೆಲ್ಲ ಅವರ ಬಟ್ಟೆಗಳು ಹಗ್ಗಕ್ಕೆ ಏರಿ ಇಳಿದವು. ನೇರಳೆ ಕುರ್ತಾ ಮಾತ್ರ ಅಲ್ಲೇ ಇತ್ತು. ಬಿಸಿಲಿಗೆ ಮಾಸುತ್ತದೆಂದು ಅಕ್ಕ ಅದನ್ನು ಆಗಾಗ ಒಳಮಗ್ಗುಲಿಗೆ ತಿರುಗಿಸಿ ಹಾಕುತ್ತಿದ್ದರು.

ಹೋದ ವರ್ಷ ಅವರಿಗೆ ಜ್ವರ ಬಂತು. ದವಾಖಾನೆಯಲ್ಲಿ ಎಂಟು ದಿನ. ಒಂಬತ್ತನೆಯ ದಿನ ಬೆಳಿಗ್ಗೆ ಇರಲಿಲ್ಲ. ಮಾತು ಬಿಟ್ಟಿದ್ದ ಅಣ್ಣನೇ ಬಂದು ಅವರನ್ನು ಕಮಲಾಪುರಕ್ಕೆ ಒಯ್ದರು.

ನಾವು ಹನ್ನೊಂದು ಮಂದಿ ಮಣ್ಣಿಗೆ ಹೋದೆವು. ಏನು ಹಾಕಿಕೊಳ್ಳುವುದು ಎಂದು ಹೊರಡುವ ಮೊದಲು ಜಗಳವಾಡಿದ್ದೆವು. ಕೊನೆಗೆ ಎಲ್ಲರೂ ಅವರೇ ಮುಳುಗಿಸಿ ಕೊಟ್ಟ ಬಟ್ಟೆಯಲ್ಲೇ ಬಂದಿದ್ದೆವು. ಮನೆಯ ಮುಂದಿನ ಓಣಿಯಲ್ಲಿ ಬಿಳಿ ಧೋತರ, ಬಿಳಿ ಟೋಪಿಯ ಜನ. ಕಪ್ಪು ಬಟ್ಟೆ, ಬೂಟು, ಸರಪಳಿಗಳ ನಾವು. ಹಿರಿಯರೊಬ್ಬರು ಕಟ್ಟೆಯಿಂದ ಎದ್ದು ಬಂದು ನಮ್ಮ ದಾರಿಗೆ ಅಡ್ಡ ನಿಂತರು.

“ಯಾರು ನೀವು? ಆಕಿಗಿ ಏನಾಗಬೇಕು?”

ಏನಾಗಬೇಕು ನಾವು? ಗಿರಾಕಿಗಳೇ, ಮಕ್ಕಳೇ? ತಿರುಗಿ ಹೋಗೋಣ ಎಂದು ಡ್ರಮ್ಮಿನವನು ಮೆಲ್ಲಗೆ ಅಂದ. ಅಷ್ಟರಲ್ಲಿ ಹೆಂಗಸರ ಗುಂಪಿನಿಂದ ಒಬ್ಬಳು ಎದ್ದು ಬಂದಳು. ಎಣ್ಣೆ ಹಚ್ಚಿ ಬಿಗಿದ ಜಡೆ. ಝೆರಾಕ್ಸ್ ಅಂಗಡಿಯ ಹುಡುಗಿ.

“ಕಾಕಾ, ಅವ್ರು ಹೊಸದಾಗಿ ಬಂದಾರ,” ಎಂದಳು. “ಹೊಸಬರಿಗಿ ಏನೂ ಕೇಳಬಾರ್ದರಿ. ದಾರಿ ಬಿಡ್ರಿ.”

ಹಿರಿಯರು ಅವಳ ಮುಖ ನೋಡಿದರು, ನಮ್ಮನ್ನು ನೋಡಿದರು, ಪಕ್ಕಕ್ಕೆ ಸರಿದರು. ನಾವು ಬೂಟು ಕಳಚಿ ಒಳಗೆ ಹೋದೆವು.

ಅಕ್ಕನಿಗೆ ಹೊಸ ಬಿಳಿ ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿ ಕೂರಿಸಿದ್ದರು. ಸ್ನಾನ ಮಾಡಿಸಿದ ಹೆಂಗಸರು ಕೈ ತಿಕ್ಕಿ ತಿಕ್ಕಿ ಸೋತಿದ್ದರಂತೆ. ಬಣ್ಣ ಹೋಗಿರಲಿಲ್ಲ. ಬಿಳಿ ಸೀರೆಯ ಮೇಲೆ ಆ ಎರಡು ಕರೀ ಕೈಗಳು. ನಾನು ಅವುಗಳ ಮೇಲೆ ನನ್ನ ಕೈ ಇಟ್ಟೆ. ನನ್ನದು ಆಗ ಮಣಿಕಟ್ಟಿನವರೆಗಷ್ಟೇ ಕಪ್ಪಾಗಿತ್ತು.

ಶೆಡ್ಡನ್ನು ನಾವು ಬಿಡಲಿಲ್ಲ. ವಾರದ ದಿನಗಳಲ್ಲಿ ಹಂಡೆಯ ಮುಂದೆ ಈಗ ನಾನೇ ಇರುತ್ತೇನೆ. ಮಣ್ಣಾಗಿ ಮೂರು ವಾರಕ್ಕೆ, ಒಂದು ಭಾನುವಾರ ಮಧ್ಯಾಹ್ನ, ಕಮಲಾಪುರದ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ನಾನು ಹತ್ತಿ ಕೊಟ್ಟೆ. ನಾಲಿಗೆಯ ತುದಿಗೆ ಹತ್ತು ಪ್ರಶ್ನೆಗಳು ಬಂದು ಕೂತವು. ಬಂದದ್ದು ಯಾಕೆ, ನನ್ನ ಮೇಲೆ ಇನ್ನೂ ಸಿಟ್ಟಿದೆಯೇ, ಈಗಲಾದರೂ ಕಣ್ಣು ಮುಚ್ಚಲು ಬರುತ್ತದೆಯೇ. ಒಂದನ್ನೂ ಕೇಳಲಿಲ್ಲ. ಅವಳು ಸೀದಾ ಹಗ್ಗದ ಹತ್ತಿರ ಹೋಗಿ, ನೇರಳೆ ಕುರ್ತಾ ತೆಗೆದು ತಂದು ನನಗೆ ಕೊಟ್ಟಳು. ಹಂಡೆಯ ಹತ್ತಿರ ಬಗ್ಗಿ ನೋಡಿ ಕೇಳಿದಳು:

“ಇನ್ನ ಎಷ್ಟು ಮುಳುಗು ಬೇಕ್ರಿ?”

ಹಂಡೆಯ ನೀರು ಗಿರಾಕಿಗಳಿಗೆ ಕಾಸಿದ್ದು, ದಟ್ಟ ಕಪ್ಪು. ಒಂದೇ ಮುಳುಗಿಗೆ ಆಗಿಹೋಗುತ್ತಿತ್ತು. ನಾನು ಎರಡು ಬಕೆಟ್ ನೀರು ಸುರಿದು ಅದನ್ನು ತಿಳಿ ಮಾಡಿದೆ.

“ಎರಡು,” ಎಂದೆ.

“ಹಂಗಾರ ಮುಂದಿನ ಐತಾರನೂ ಬರಬೇಕಾತು,” ಎಂದು ಅವಳು ಅಕ್ಕನ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಸ್ಪೀಕರಿನ ಎದುರಿಗೆ ಕೂತಳು.